ನಮ್ಮ ಥರ್ಮಾಕೋಲ್ ವಿಮಾನಗಳಿಗೆ ಜಿಲ್ಲೆಗೊಂದು ಮೈದಾನ ಕೊಡಿ

ಕರ್ನಾಟಕದ 31 ಜಿಲ್ಲೆಗಳ ಮಾನ್ಯ ಜಿಲ್ಲಾಧಿಕಾರಿಗಳಿಗೆ,

ನಮಸ್ಕಾರ.

ನಾನು ಒಂದು ತಾಲ್ಲೂಕು ಊರಿನಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟುಕೊಂಡಿದ್ದೇನೆ. ಬೋರ್‌ವೆಲ್ ಮೋಟಾರು ಸುಟ್ಟರೆ ರೈತರು ನನ್ನ ಹತ್ತಿರ ತರುತ್ತಾರೆ. ಸುಟ್ಟ ತಾಮ್ರ ಕಿತ್ತು, ಹೊಸದಾಗಿ ಸುತ್ತಿ ಕೊಡುತ್ತೇನೆ. ಅದು ಹೊಟ್ಟೆಪಾಡು. ರಾತ್ರಿ ಎಂಟಕ್ಕೆ ಶಟರ್ ಅರ್ಧ ಎಳೆದ ಮೇಲೆ ಅದೇ ಟೇಬಲ್ ಮೇಲೆ ವಿಮಾನ ಮಾಡುತ್ತೇನೆ. ಬ್ಯಾಟರಿಯಲ್ಲಿ ಓಡುವ, ರಿಮೋಟ್ ಹಿಡಿದು ಹಾರಿಸುವ ಸಣ್ಣ ವಿಮಾನ. ಆಟದ ಸಾಮಾನು ಅಂತ ಮನೆಯಲ್ಲಿ ಹೇಳುತ್ತಾರೆ. ಹೇಳಲಿ.

ಆ ವಿಮಾನಗಳಲ್ಲಿ ಒಂದು ಹನ್ನೊಂದು ದಿನ ಪೊಲೀಸ್ ಠಾಣೆಯಲ್ಲಿ ಇತ್ತು. ಈ ಪತ್ರ ಬರೆಯೋಕೆ ಅದೇ ಕಾರಣ. ಯಾವ ಠಾಣೆ ಅಂತ ಹೇಳುವುದಿಲ್ಲ. ಯಾರ ಮೇಲೂ ದೂರು ಕೊಡಬೇಕು ಅಂತ ಬರೆಯುತ್ತಿಲ್ಲ. ಅವತ್ತು ಅಲ್ಲಿದ್ದ ಯಾರಿಗೂ, ನನ್ನನ್ನೂ ಸೇರಿಸಿ, ನಿಯಮ ಏನು ಅಂತ ಸರಿಯಾಗಿ ಗೊತ್ತಿರಲಿಲ್ಲ. ಅಷ್ಟೇ.

ಮೊದಲು ನಾವು ಕೆರೆ ಅಂಗಳದಲ್ಲಿ ಹಾರಿಸುತ್ತಿದ್ದೆವು. ನಾವು ಅಂದರೆ ಹನ್ನೊಂದು ಜನ. ಒಬ್ಬರು ಹೈಸ್ಕೂಲ್ ಮೇಷ್ಟ್ರು, ಒಬ್ಬರು ಎಲ್‌ಐಸಿ ಏಜೆಂಟ್, ಒಬ್ಬ ಮೊಬೈಲ್ ರಿಪೇರಿಯವನು, ಇನ್ನುಳಿದವರು ಕಾಲೇಜು ಹುಡುಗರು. ಕೆರೆ ಒಣಗಿ ಎಷ್ಟೋ ವರ್ಷ ಆಗಿತ್ತು. ಜಾಲಿ ಗಿಡ ಬಿಟ್ಟರೆ ಏನಿಲ್ಲ. ಮಧ್ಯದಲ್ಲಿ ಅರವತ್ತು ಹೆಜ್ಜೆ ಜಾಗ ಸವರಿ ರನ್‌ವೇ ಮಾಡಿಕೊಂಡಿದ್ದೆವು. ಅಲ್ಲಿ ಕುರಿ ಮೇಯಿಸುತ್ತಿದ್ದ ಒಬ್ಬ ತಾತ ಇದ್ದ. ವಿಮಾನ ಅಂದರೆ ಅವನಿಗೆ ಅಷ್ಟಕ್ಕಷ್ಟೇ, ಆದರೆ ನಮಗಿಂತ ಮೊದಲೇ ಗಾಳಿ ಗೊತ್ತಾಗುತ್ತಿತ್ತು. "ಗಾಳಿ ತಿರುಗ್ತಾ ಐತೆ, ಇಳಿಸ್ಕಳ್ರಪ್ಪ" ಅನ್ನುತ್ತಿದ್ದ. ಇಳಿಸಿಕೊಳ್ಳುತ್ತಿದ್ದೆವು.

2022ರ ಮಳೆಗೆ ಕೆರೆ ತುಂಬಿ ಕೋಡಿ ಬಿತ್ತು. ಊರಿಗೆ ಊರೇ ಬಾಗಿನ ಬಿಡೋಕೆ ಹೋಯಿತು, ನಾನೂ ಹೋದೆ. ಬೋರ್‌ವೆಲ್‌ಗಳಲ್ಲಿ ನೀರು ಮೇಲೆ ಬಂತು, ಮೋಟಾರು ಸುಡುವುದು ಕಡಿಮೆಯಾಯಿತು, ನನ್ನ ವ್ಯಾಪಾರ ಇಳಿಯಿತು. ಅದರ ಜೊತೆ ನಮ್ಮ ರನ್‌ವೇ ಕೂಡ ಮುಳುಗಿತು. ಕೆರೆ ತುಂಬಿದ್ದಕ್ಕೆ ಬೇಜಾರು ಮಾಡಿಕೊಳ್ಳುವ ಪಾಪಿ ನಾನಲ್ಲ. ಆದರೆ ಹಾರಿಸೋಕೆ ಜಾಗ ಇಲ್ಲದೆ ಹೋಯಿತು, ಅದೂ ನಿಜ ಅಲ್ವಾ.

ಆಮೇಲೆ ಒಂದು ಕಾಲೇಜು ಮೈದಾನಕ್ಕೆ ಹೋಗೋಕೆ ಶುರು ಮಾಡಿದೆವು. ಭಾನುವಾರ ಬೆಳಗ್ಗೆ ಆರೂವರೆಗೆ. ವಾಚ್‌ಮನ್‌ಗೆ ಹೇಳಿಯೇ ಹೋಗುತ್ತಿದ್ದೆವು. ಕಾಗದದಲ್ಲಿ ಬರೆಸಿಕೊಂಡಿರಲಿಲ್ಲ, ಅದು ನಮ್ಮ ತಪ್ಪು. ಒಂದು ಭಾನುವಾರ ಯಾರೋ 112ಕ್ಕೆ ಫೋನ್ ಮಾಡಿದರು. ಜೀಪಿನಲ್ಲಿ ಇಬ್ಬರು ಬಂದರು.

"ಏನ್ರೀ ಇದು, ಡ್ರೋನಾ? ಪರ್ಮಿಷನ್ ಇದೆಯಾ?"

"ಡ್ರೋನ್ ಅಲ್ಲ ಸಾರ್, ಏರೋಪ್ಲೇನ್."

ಆ ಉತ್ತರ ಕೊಡಬಾರದಿತ್ತು. ಏರೋಪ್ಲೇನ್ ಅಂದ ತಕ್ಷಣ ವಿಷಯ ಇನ್ನೂ ದೊಡ್ಡದಾಯಿತು.

ವಿಮಾನ, ರಿಮೋಟ್, ಎರಡನ್ನೂ ಠಾಣೆಗೆ ತೆಗೆದುಕೊಂಡು ಹೋದರು. ಹೋಗುವಾಗ ನಾನು "ಒಳಗೆ ಬ್ಯಾಟರಿ ಇದೆ, ಅದೊಂದು ಕಿತ್ತು ಕೊಡ್ತೀನಿ ಸಾರ್" ಅಂದೆ. "ಏನೂ ಮುಟ್ಟಬೇಡಿ" ಅಂದರು. ಸರಿ, ಸುಮ್ನಾದೆ. ರಾತ್ರಿ ಹತ್ತೂವರೆಗೆ ಫೋನ್ ಬಂತು. "ನಿಮ್ಮ ವಿಮಾನ ಬೀಪ್ ಬೀಪ್ ಅಂತಿದೆ ಕಣ್ರೀ. ಬೇಗ ಬನ್ನಿ."

ಬೈಕ್ ಹತ್ತಿ ಓಡಿದೆ. ಠಾಣೆಯವರು ಅದನ್ನು ಹೊರಗಡೆ, ಸೀಜ್ ಮಾಡಿದ ಬೈಕುಗಳ ಆಚೆ, ಒಂದು ಮೂಲೆಯಲ್ಲಿ ಇಟ್ಟಿದ್ದರು. ಇಬ್ಬರು ಸ್ವಲ್ಪ ದೂರ ನಿಂತು ಅದನ್ನೇ ನೋಡುತ್ತಿದ್ದರು. ಅವರ ಭಯ ನನಗೆ ಅರ್ಥವಾಯಿತು. ವಿಷಯ ಏನಿಲ್ಲ. ಮೋಟಾರಿಗೆ ಕರೆಂಟು ಹಂಚಿ ಕೊಡುವ ಒಂದು ಸಣ್ಣ ಸರ್ಕ್ಯೂಟ್ ಇರುತ್ತದೆ, ಇಎಸ್‌ಸಿ ಅಂತ. ಬ್ಯಾಟರಿ ಇದ್ದು ರಿಮೋಟಿನ ಸಿಗ್ನಲ್ ಸಿಗದೆ ಹೋದರೆ ಅದು ಕೂಗಿಕೊಳ್ಳುತ್ತದೆ. ತಾಯಿ ಕಾಣದ ಕರುವಿನ ಹಾಗೆ. ರೆಕ್ಕೆ ತೆಗೆದು ಹಳದಿ ಪ್ಲಗ್ ಎಳೆದೆ, ನಿಂತಿತು. ಒಬ್ಬರು ಟೀ ತರಿಸಿದರು. ಬ್ಯಾಟರಿ ಮಾತ್ರ ಮನೆಗೆ ತಂದೆ. ವಿಮಾನ ಅಲ್ಲೇ ಉಳಿಯಿತು. ಹನ್ನೊಂದನೇ ದಿನ ಮುಚ್ಚಳಿಕೆ ಬರೆದುಕೊಟ್ಟು ಬಿಡಿಸಿಕೊಂಡೆ. ರೆಕ್ಕೆ ಮೇಲೆ ಫೈಲುಗಳ ಕಟ್ಟು ಇಟ್ಟಿದ್ದರು. ಬಾಳೆಲೆ ಹಾಗೆ ಬಗ್ಗಿತ್ತು.

ಈಗ ಆ ವಿಮಾನ ಅಂದರೆ ಏನು ಅಂತ ಹೇಳುತ್ತೇನೆ. ನಿಮ್ಮ ಮೇಜಿಗೆ ಇಂಥ ದೂರು ಬಂದಾಗ ಗೊತ್ತಿರಲಿ ಅಂತ.

ರೆಕ್ಕೆ ಈ ತುದಿಯಿಂದ ಆ ತುದಿಗೆ 120 ಸೆಂಟಿಮೀಟರ್. ಒಟ್ಟು ತೂಕ 780 ಗ್ರಾಂ. ರೆಕ್ಕೆಗೆ ಟಿವಿ ಪ್ಯಾಕಿಂಗಲ್ಲಿ ಬರುವ ಥರ್ಮಾಕೋಲ್, ಅದರ ಮೇಲೆ ಬ್ರೌನ್ ಟೇಪ್. ಮೈಗೆ ಸನ್‌ಪ್ಯಾಕ್ ಶೀಟ್, ಚುನಾವಣೆ ಮುಗಿದ ಮೇಲೆ ಬೀದಿಯಲ್ಲಿ ಬಿದ್ದಿರುತ್ತದಲ್ಲ, ಅದೇ. ನನ್ನ ವಿಮಾನದ ಹೊಟ್ಟೆಯ ಒಳಗೆ ಒಬ್ಬ ಅಭ್ಯರ್ಥಿಯ ಅರ್ಧ ಮೀಸೆ ಇನ್ನೂ ಇದೆ. ಬಾಲದ ರೆಕ್ಕೆ ಆಡಿಸೋಕೆ ಸೈಕಲ್ ಚಕ್ರದ ಕಡ್ಡಿ. ಅಂಟಿಗೆ ಹಾಟ್ ಗ್ಲೂ. ಮೊದಲ ಸಲ ಗೊತ್ತಿಲ್ಲದೆ ಫೆವಿಕ್ವಿಕ್ ಹಾಕಿದ್ದೆ, ಥರ್ಮಾಕೋಲ್ ಬೆಲ್ಲದ ಹಾಗೆ ಕರಗಿ ತೂತು ಬಿತ್ತು.

ಮೋಟಾರು ಮಾತ್ರ ನನಗೆ ಮೊದಲ ದಿನವೇ ಅರ್ಥವಾಯಿತು. ಲಿಂಬೆಹಣ್ಣಿಗಿಂತ ಸಣ್ಣದು. ಮೂರು ವೈರು. ಬಿಚ್ಚಿ ನೋಡಿದರೆ ಒಳಗೆ ತಾಮ್ರದ ಸುತ್ತು, ಹೊರಗೆ ತಿರುಗುವ ಡಬ್ಬಿಗೆ ಅಯಸ್ಕಾಂತ. ಇದು ತ್ರೀ ಫೇಸ್ ಅಲ್ವಾ ಅಂದುಕೊಂಡೆ. ಹೌದು, ತ್ರೀ ಫೇಸೇ. ಹೊಲದಲ್ಲಿ ಪಂಪು ಉಲ್ಟಾ ತಿರುಗಿದರೆ ಏನು ಮಾಡುತ್ತೇವೆ? ಮೂರರಲ್ಲಿ ಯಾವುದಾದರೂ ಎರಡು ವೈರು ಅದಲು ಬದಲು ಮಾಡುತ್ತೇವೆ. ಇಲ್ಲೂ ಅಷ್ಟೇ. ಪ್ರೊಪೆಲ್ಲರ್ ಉಲ್ಟಾ ತಿರುಗಿ ವಿಮಾನ ಹಿಂದಕ್ಕೆ ಜಗ್ಗಿದರೆ ಎರಡು ವೈರು ಬದಲಾಯಿಸಿದರೆ ಆಯಿತು. 440 ವೋಲ್ಟಿನ ಬೋರ್‌ವೆಲ್ ಮೋಟಾರು ರಿಪೇರಿ ಮಾಡುವವನು 11.1 ವೋಲ್ಟಿನ ಮೋಟಾರು ನೋಡಿ ಅರ್ಧ ಗಂಟೆ ನಗುತ್ತಾ ಕೂತಿದ್ದೆ. ಮೋಟಾರಿನ ಮೈಮೇಲೆ ಬರೆದಿರುವ 1000 ಕೆವಿ ಅನ್ನುವುದನ್ನು ನೋಡಿ ಸಾವಿರ ಕಿಲೋವೋಲ್ಟ್ ಅಂತ ಗಾಬರಿಯಾಗಬೇಡಿ. ಒಂದು ವೋಲ್ಟಿಗೆ ನಿಮಿಷಕ್ಕೆ ಸಾವಿರ ಸುತ್ತು ಅಂತ ಅರ್ಥ. ಹನ್ನೊಂದು ವೋಲ್ಟಿಗೆ, ಫ್ಯಾನ್ ಇಲ್ಲದೆ ಬರೀ ಮೋಟಾರು, ಹನ್ನೊಂದು ಸಾವಿರ ಸುತ್ತು.

ಕರೆಂಟಿನ ವಿಮಾನ ನಿನ್ನೆ ಮೊನ್ನೆಯದಲ್ಲ. 1957ರ ಜೂನ್ 30ರಂದೇ ಇಂಗ್ಲೆಂಡಿನಲ್ಲಿ ಕರ್ನಲ್ ಟಾಪ್ಲಿನ್ ಅನ್ನುವವರು ರೇಡಿಯೋ ಕಂಟ್ರೋಲಿನ ಎಲೆಕ್ಟ್ರಿಕ್ ವಿಮಾನ ಹಾರಿಸಿದ್ದರು. ಆದರೆ ಆಗಿನ ಬ್ಯಾಟರಿ ಭಾರ. ನಾನು ಕಾಲೇಜಿನಲ್ಲಿ ಎನ್‌ಸಿಸಿ ಏರ್ ವಿಂಗ್‌ನಲ್ಲಿದ್ದಾಗ ಎಣ್ಣೆ ಎಂಜಿನ್‌ದೇ ಕಾಲ. ಈಥರ್, ಸೀಮೆಎಣ್ಣೆ, ಹರಳೆಣ್ಣೆ ಬೆರೆಸಿ ಕುಡಿಸುತ್ತಿದ್ದೆವು. ಬೆರಳಲ್ಲಿ ಪ್ರೊಪೆಲ್ಲರ್ ಹೊಡೆದು ಸ್ಟಾರ್ಟ್ ಮಾಡಬೇಕು. ಎರಡು ಉಕ್ಕಿನ ತಂತಿ ಕಟ್ಟಿ ವಿಮಾನವನ್ನು ನಮ್ಮ ಸುತ್ತಲೇ ತಿರುಗಿಸುವುದು. ಶಬ್ದ ಮೂರು ಬೀದಿಗೆ ಕೇಳುತ್ತಿತ್ತು, ಅಂಗಿಯ ಹರಳೆಣ್ಣೆ ವಾಸನೆ ಎರಡು ಒಗೆತಕ್ಕೂ ಹೋಗುತ್ತಿರಲಿಲ್ಲ. ಈಗಿನದು ಮಿಕ್ಸಿಗಿಂತ ಕಡಿಮೆ ಶಬ್ದ. ಹೊಗೆ ಇಲ್ಲ. 2200 ಎಂಎಎಚ್‌ನ ಒಂದು ಲಿಪೋ, ಅಂದರೆ ಲಿಥಿಯಂ ಪಾಲಿಮರ್, ಬ್ಯಾಟರಿಗೆ ಹತ್ತು ನಿಮಿಷ ಆರಾಮಾಗಿ ಹಾರುತ್ತದೆ. ನಾನು ಎಂಟಕ್ಕೇ ಇಳಿಸುತ್ತೇನೆ. ಕ್ಯಾಮೆರಾ ಇಲ್ಲ, ಜಿಪಿಎಸ್ ಇಲ್ಲ. ಕಣ್ಣಿಗೆ ಕಾಣುವಷ್ಟು ದೂರ ಮಾತ್ರ. 120 ಮೀಟರ್ ಮೇಲೆ ಹೋದರೆ ನನ್ನ ವಿಮಾನ ಗುಬ್ಬಿ ಹಾಗೆ ಕಾಣುತ್ತದೆ, ಯಾವ ಕಡೆ ಮುಖ ಮಾಡಿದೆ ಅಂತಲೇ ತಿಳಿಯುವುದಿಲ್ಲ. ಹಾಗಾಗಿ ನಾವು ತೆಂಗಿನ ಮರಕ್ಕಿಂತ ಎರಡು ಮೂರು ಪಟ್ಟು ಎತ್ತರ, ಅಷ್ಟರಲ್ಲೇ ಇರುತ್ತೇವೆ.

ಇನ್ನೊಂದು ವ್ಯತ್ಯಾಸ ಮುಖ್ಯ. ನಾಲ್ಕು ಫ್ಯಾನಿನ ಡ್ರೋನು ಮೋಟಾರು ನಿಂತರೆ ಕಲ್ಲಿನ ಹಾಗೆ ಬೀಳುತ್ತದೆ. ನಮ್ಮದಕ್ಕೆ ರೆಕ್ಕೆ ಇದೆ. ಬ್ಯಾಟರಿ ಇಳಿದರೆ ಇಎಸ್‌ಸಿ ಮೊದಲು ಮೋಟಾರು ನಿಲ್ಲಿಸುತ್ತದೆ, ಬಾಲ ಆಡಿಸುವ ಸರ್ವೋ ಅನ್ನುವ ಪುಟ್ಟ ಮೋಟಾರುಗಳಿಗೆ ಕರೆಂಟು ಉಳಿಸುತ್ತದೆ. ಫ್ಯಾನು ನಿಂತ ವಿಮಾನವನ್ನು ತೇಲಿಸಿಕೊಂಡು ತಂದು ಇಳಿಸಬಹುದು. ತಲೆ ಮೇಲೆ ಬಿದ್ದರೆ ನೋವಾಗುವುದಿಲ್ಲ ಅಂತ ಹೇಳುತ್ತಿಲ್ಲ. ಮುಕ್ಕಾಲು ಕೆಜಿ ಅದು. ಅದಕ್ಕೇ ತಲೆಗಳಿಲ್ಲದ ಜಾಗ ಕೇಳುತ್ತಿರುವುದು.

ನಿಯಮದ ವಿಷಯಕ್ಕೆ ಬರುತ್ತೇನೆ. ಮುಚ್ಚಳಿಕೆ ಬರೆದುಕೊಟ್ಟು ಬಂದ ಮೇಲೆ ಕೂತು ಓದಿದೆ. ಮೇಷ್ಟ್ರು ಪಕ್ಕದಲ್ಲಿ ಕೂತು ಇಂಗ್ಲಿಷ್ ಬಿಡಿಸಿ ಹೇಳಿದರು. ಕೇಂದ್ರ ಸರ್ಕಾರದ ಡ್ರೋನ್ ನಿಯಮಗಳು 2021ರ ಆಗಸ್ಟ್ 25ರಂದು ಬಂದವು. ಅದರಲ್ಲಿ ಡ್ರೋನ್ ಅಂದರೆ ಒಳಗೆ ಪೈಲಟ್ ಇಲ್ಲದೆ ಹಾರುವ ವಿಮಾನ. ರೆಕ್ಕೆ ಇದ್ದರೂ ಅಷ್ಟೇ, ಫ್ಯಾನ್ ಇದ್ದರೂ ಅಷ್ಟೇ. ಅಂದರೆ ಅವತ್ತು ಜೀಪಿನಲ್ಲಿ ಬಂದವರು ಹೇಳಿದ್ದು ಸರಿ, ನಾನು ಹೇಳಿದ್ದು ತಪ್ಪು. ಒಪ್ಪಿಕೊಳ್ಳುತ್ತೇನೆ.

ಆದರೆ ಅದೇ ನಿಯಮದಲ್ಲಿ ನಮಗೂ ಒಂದು ಹೆಸರು ಕೊಟ್ಟಿದ್ದಾರೆ. 25 ಕೆಜಿ ಒಳಗಿನ, ಕಲಿಕೆಗೆ, ಸಂಶೋಧನೆಗೆ, ಪರೀಕ್ಷೆಗೆ, ಮನರಂಜನೆಗೆ ಮಾತ್ರ ಬಳಸುವ, ಕಣ್ಣಳತೆಯಲ್ಲೇ ಹಾರಿಸುವ ಮಾದರಿ ವಿಮಾನ ಅಂತ. 2 ಕೆಜಿ ತನಕದ್ದನ್ನು ದುಡಿಮೆಗಲ್ಲದೆ ಹಾರಿಸುವವರಿಗೆ ಪೈಲಟ್ ಸರ್ಟಿಫಿಕೇಟ್ ಬೇಡ. ಆಕಾಶಕ್ಕೆ ಹಸಿರು, ಹಳದಿ, ಕೆಂಪು ಅಂತ ಮೂರು ಬಣ್ಣ. ಹಸಿರು ಜಾಗದಲ್ಲಿ 400 ಅಡಿ, ಅಂದರೆ 120 ಮೀಟರ್ ತನಕ ಹಾರಿಸೋಕೆ ಯಾರ ಅನುಮತಿಯೂ ಬೇಡ. ವಿಮಾನ ನಿಲ್ದಾಣದಿಂದ 8ರಿಂದ 12 ಕಿಲೋಮೀಟರ್ ಒಳಗೆ ಆದರೆ 200 ಅಡಿ. 5ರಿಂದ 8 ಕಿಲೋಮೀಟರ್ ನೆಲದಿಂದಲೇ ಹಳದಿ, ಅಂದರೆ ಅನುಮತಿ ಬೇಕು. ಅದಕ್ಕಿಂತ ಹತ್ತಿರದ ಜಾಗ ನಾವು ಕೇಳುವುದೂ ಇಲ್ಲ. ನಕ್ಷೆ ಡಿಜಿಟಲ್ ಸ್ಕೈ ಅನ್ನುವ ಸರ್ಕಾರಿ ಜಾಲತಾಣದಲ್ಲಿದೆ. ನಿಯಮ ಮುರಿದರೆ ದಂಡ ಒಂದು ಲಕ್ಷದ ತನಕ.

ಇನ್ನೊಂದು ಸಂಗತಿಯೂ ಅಲ್ಲೇ ಇದೆ. ಜಾತ್ರೆಯೋ, ಗಣ್ಯರು ಬರುವುದೋ ಇದ್ದರೆ, ಎಸ್‌ಪಿ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ ಒಂದು ಜಾಗವನ್ನು 96 ಗಂಟೆ ತನಕ ತಾತ್ಕಾಲಿಕ ಕೆಂಪು ವಲಯ ಮಾಡಬಹುದು. ಒಳ್ಳೆಯದೇ, ಬೇಕು ಅದು. ನಮ್ಮನ್ನು ನಿಲ್ಲಿಸೋಕೆ ಸರ್ಕಾರದ ಹತ್ತಿರ ಇಷ್ಟು ಚೆಂದದ ದಾರಿ ಇದೆ. "ಇಲ್ಲಿ ಹಾರಿಸಿ" ಅಂತ ಹೇಳೋಕೆ ಮಾತ್ರ ಜಿಲ್ಲೆಯಲ್ಲಿ ಯಾರನ್ನು ಕೇಳಬೇಕು ಅಂತ ನಮಗೆ ಯಾರೂ ಹೇಳಲಿಲ್ಲ. ನಾನು ಮೂರು ಕಚೇರಿ ಸುತ್ತಿದೆ. ಒಂದು ಕಡೆ ಇದು ಕ್ರೀಡೆ ಅಲ್ಲ ಅಂದರು. ಇನ್ನೊಂದು ಕಡೆ ಇದು ಕ್ರೀಡೆ, ಇಲ್ಲಿಗೆ ಯಾಕೆ ಬಂದಿರಿ ಅಂದರು. ಮೂರನೇ ಕಡೆ ಸಾಹೇಬರು ಮೀಟಿಂಗ್‌ನಲ್ಲಿದ್ದರು.

ನಮ್ಮವರೆಲ್ಲ ಸಾಚಾ ಅಂತಲೂ ಹೇಳೋಕೆ ಬಂದಿಲ್ಲ. ಇದೇ ಹವ್ಯಾಸದವರು ತೇರಿನ ಮೇಲೆ, ಮದುವೆ ಚಪ್ಪರದ ಮೇಲೆ ಹಾರಿಸಿದ್ದನ್ನು ನೋಡಿದ್ದೇನೆ. ಬೈದಿದ್ದೇನೆ. ನಾನೇ ಒಂದು ಸಂಜೆ ಗಾಳಿ ಜಾಸ್ತಿ ಇದ್ದಾಗ ಹಟ ಮಾಡಿ ಬಿಟ್ಟೆ. ಹೋಗಿ ಒಂದು ಮನೆ ಮೇಲೆ ಬಿತ್ತು, ಎರಡು ಹೆಂಚು ಒಡೆಯಿತು. ಆ ಮನೆ ಅಜ್ಜಿ ಬೈದ ಬೈಗುಳ ಇನ್ನೂ ಕಿವಿಯಲ್ಲಿದೆ. ಹೆಂಚು ಹಾಕಿಸಿಕೊಟ್ಟೆ. ಪ್ರೊಪೆಲ್ಲರ್ ಬೆರಳು ಕುಯ್ದು ಮೂರು ಹೊಲಿಗೆ ಬಿದ್ದಿದೆ, ಅವತ್ತಿನಿಂದ ಮನೆಯೊಳಗೆ ಫ್ಯಾನ್ ಹಾಕಿ ಮೋಟಾರು ಟೆಸ್ಟ್ ಮಾಡುವುದಿಲ್ಲ. ಲಿಪೋ ಬ್ಯಾಟರಿಗೂ ಮರ್ಯಾದೆ ಕೊಡಬೇಕು. ಒಂದೊಂದು ಸೆಲ್ 4.2 ವೋಲ್ಟಿನ ಮೇಲೆ ಹೋಗಬಾರದು, ಪೆಟ್ಟು ಬಿದ್ದು ಪೂರಿ ಹಾಗೆ ಊದಿದ್ದನ್ನು ಮತ್ತೆ ಚಾರ್ಜಿಗೆ ಹಾಕಬಾರದು. ಹತ್ತಿಕೊಂಡರೆ ನೀರಿಗೂ ಬಗ್ಗುವುದಿಲ್ಲ. ನನ್ನ ಅಂಗಡಿಯಲ್ಲಿ ವಾರ್ನಿಷ್, ಥಿನ್ನರ್ ಇರುತ್ತದೆ. ಅದಕ್ಕೆ ಹೊರಗಡೆ ಜಗುಲಿ ಮೇಲೆ, ತಳಕ್ಕೆ ಮರಳು ಹಾಕಿದ ಮಣ್ಣಿನ ಮಡಕೆಯಲ್ಲಿಟ್ಟು ಚಾರ್ಜ್ ಮಾಡುತ್ತೇನೆ, ಪಕ್ಕದಲ್ಲೇ ಕೂತಿರುತ್ತೇನೆ.

ಇದನ್ನೆಲ್ಲ ಒಬ್ಬರಿಗೊಬ್ಬರು ಹೇಳಿಕೊಡುವುದು ಎಲ್ಲಿ? ಮೈದಾನದಲ್ಲೇ. ಈಗ ಹುಡುಗರು ಆನ್‌ಲೈನಲ್ಲಿ ಸಾಮಾನು ತರಿಸಿಕೊಳ್ಳುತ್ತಾರೆ, ವಿಡಿಯೋ ನೋಡಿ ಜೋಡಿಸುತ್ತಾರೆ. ಜಾಗ ಇಲ್ಲ ಅಂತ ಟೆರೇಸ್ ಮೇಲಿಂದ ಬಿಡುತ್ತಾರೆ, ಹೈವೇ ಪಕ್ಕ ಬಿಡುತ್ತಾರೆ. ಬಿಡುವ ಮುಂಚೆ ನೋಡಬೇಕಾದ್ದು ಇದೆ. ರೆಕ್ಕೆಯ ಮುಂದಿನ ಅಂಚಿನಿಂದ ಕಾಲು ಭಾಗ ಹಿಂದಕ್ಕೆ ಎರಡು ಬೆರಳಿಟ್ಟು ಎತ್ತಿದರೆ ವಿಮಾನ ತಕ್ಕಡಿ ಹಾಗೆ ಸಮ ನಿಲ್ಲಬೇಕು. ರಿಮೋಟ್ ಆಫ್ ಮಾಡಿ ನೋಡಬೇಕು, ಮೋಟಾರು ತಾನಾಗೇ ನಿಲ್ಲಬೇಕು. ಇದನ್ನು ನೋಡದೆ ಬಿಟ್ಟ ವಿಮಾನ ಎಲ್ಲಿಗೆ ಹೋಗುತ್ತದೋ ಅದಕ್ಕೇ ಗೊತ್ತಿಲ್ಲ.

ನನ್ನ ಅಕ್ಕನ ಮಗಳು ಒಂಬತ್ತನೇ ಕ್ಲಾಸು. ಕೆರೆ ತುಂಬುವ ಮುಂಚೆ, ಇನ್ನೂ ಚಿಕ್ಕವಳಿದ್ದಾಗಲೇ, ನಮ್ಮ ಜೊತೆ ಬರುತ್ತಿದ್ದಳು. ಮೊದಲ ಸಲ ಅವಳ ಕೈಗೆ ರಿಮೋಟ್ ಕೊಟ್ಟೆ. ದೂರ ಹೋಗುವಾಗ ಚೆನ್ನಾಗಿ ಹಾರಿಸಿದಳು. ತಿರುಗಿ ನಮ್ಮ ಕಡೆ ಬರುವಾಗ ಕಿರುಚಿದಳು. "ಮಾಮ, ಎಡಕ್ಕೆ ಕೊಟ್ರೆ ಬಲಕ್ಕೆ ಹೋಗ್ತಿದೆ!"

ಎಲ್ಲರಿಗೂ ಆಗುವುದೇ ಅದು. ವಿಮಾನ ನಮ್ಮ ಕಡೆ ಮುಖ ಮಾಡಿದಾಗ ಅದರ ಎಡ ನಮ್ಮ ಬಲ. ಎನ್‌ಸಿಸಿ ಕಾಲದ ಸೀನಿಯರ್ ಒಬ್ಬರು ನನಗೆ ಹೇಳಿಕೊಟ್ಟ ಉಪಾಯ ಅವಳಿಗೆ ಹೇಳಿದೆ. "ಎಡ ಬಲ ಯೋಚನೆ ಮಾಡ್ಬೇಡ ಕಣೆ. ಯಾವ ರೆಕ್ಕೆ ತಗ್ಗಿದೆಯೋ ಆ ಕಡೆಗೇ ರಿಮೋಟಿನ ಕಡ್ಡಿ ತಳ್ಳು. ಬೀಳೋನಿಗೆ ಆಸರೆ ಕೊಟ್ಟ ಹಾಗೆ." ತಳ್ಳಿದಳು. ರೆಕ್ಕೆ ಸಮ ಆಯಿತು. ನಮ್ಮ ತಲೆ ಪಕ್ಕದಲ್ಲೇ ಸರ್ ಅಂತ ಹೋಯಿತು. ಅವಳು ಉಸಿರು ಬಿಟ್ಟಿದ್ದು ನನಗೆ ಕೇಳಿಸಿತು.

ಈ ಬೇಸಿಗೆ ರಜೆಯಲ್ಲಿ ಅವಳೇ ಒಂದು ವಿಮಾನ ಮಾಡಿದಳು. ಮೋಟಾರು, ಇಎಸ್‌ಸಿ, ನಾಲ್ಕು ಸರ್ವೋ, ಬ್ಯಾಟರಿ ಎಲ್ಲ ಸೇರಿ ಸುಮಾರು 3,500 ರೂಪಾಯಿ ಆಯಿತು. ರಿಮೋಟ್ ನನ್ನದೇ. ರೆಕ್ಕೆಯ ಅಳತೆಗೆ ಗಣಿತದ ನೋಟ್‌ಬುಕ್ಕಿನ ಹಿಂದಿನ ನಾಲ್ಕು ಪುಟ ಖರ್ಚು ಮಾಡಿದ್ದಾಳೆ. ಮುಚ್ಚಳಿಕೆ ಬರೆದುಕೊಟ್ಟಿದ್ದೇನಲ್ಲ, ಹಾಗಾಗಿ ಅದನ್ನು ಇನ್ನೂ ಹಾರಿಸಿಲ್ಲ. ಅಂಗಡಿಯ ಅಟ್ಟದ ಮೇಲೆ ಪ್ಲಾಸ್ಟಿಕ್ ಹೊದ್ದು ಕೂತಿದೆ.

ಬೆಂಗಳೂರಿನಲ್ಲಿ 1940ರಿಂದ ವಿಮಾನ ಕಾರ್ಖಾನೆ ಇದೆ. ಮಾರುತ್ ಯುದ್ಧ ವಿಮಾನ 1961ರ ಜೂನ್ 17ರಂದು ಅಲ್ಲೇ ಮೊದಲ ಸಲ ಹಾರಿತು. ಅದಕ್ಕೂ ಎರಡು ವರ್ಷ ಮುಂಚೆ ಅಷ್ಟೇ ದೊಡ್ಡದಾದ ಮರದ ಗ್ಲೈಡರ್ ಮಾಡಿ, ಹಾರಿಸಿ, ನಡವಳಿಕೆ ನೋಡಿಕೊಂಡಿದ್ದರು. ದೊಡ್ಡವರೂ ಮೊದಲು ಮಾದರಿ ಮಾಡಿಯೇ ಕಲಿತದ್ದು. ರಾಜಧಾನಿಯಲ್ಲಿ ಯುದ್ಧ ವಿಮಾನ ತಯಾರಾಗುವ ರಾಜ್ಯದಲ್ಲಿ, ಬಸ್ಸಿನಲ್ಲಿ ಎರಡು ಗಂಟೆ ದೂರದ ಹುಡುಗಿಗೆ ಥರ್ಮಾಕೋಲ್ ವಿಮಾನ ಹಾರಿಸೋಕೆ ಜಾಗ ಇಲ್ಲ ಅಂದರೆ ನನಗೆ ಸ್ವಲ್ಪ ನಾಚಿಕೆ ಆಗುತ್ತದೆ. ನಿಮಗೂ ಆಗಬಹುದು.

ನಾವು ಕೇಳುವುದು ಇಷ್ಟು. ಜಿಲ್ಲೆಗೊಂದು ಜಾಗ. ಭಾನುವಾರ ಬೆಳಗ್ಗೆ ಆರರಿಂದ ಒಂಬತ್ತು. ಉದ್ದ ಇನ್ನೂರು ಮೀಟರ್, ಅಗಲ ನೂರು ಮೀಟರ್ ಬಯಲು ಸಿಕ್ಕರೆ ಸಾಕು. ಹೈಟೆನ್ಷನ್ ಲೈನ್ ಇರಬಾರದು, ಹತ್ತಿರ ಮನೆ ಇರಬಾರದು, ನಕ್ಷೆಯಲ್ಲಿ ಹಸಿರು ಇರಬೇಕು. ಇಂಥ ಜಾಗ ನಿಮ್ಮ ಜಿಲ್ಲೆಯಲ್ಲಿ ಇದ್ದೇ ಇದೆ. ಕೈಗಾರಿಕಾ ಪ್ರದೇಶ ಅಂತ ಡಾಂಬರು ರಸ್ತೆ ಹಾಕಿ, ಕಾರ್ಖಾನೆ ಬಾರದೆ ಹುಲ್ಲು ಬೆಳೆದ ಲೇಔಟುಗಳು ಎಷ್ಟಿಲ್ಲ? ಆ ರಸ್ತೆ ನಮಗೆ ಅಪ್ಪಟ ರನ್‌ವೇ. ಕಾರ್ಖಾನೆ ಬಂದ ದಿನ ಖಾಲಿ ಮಾಡುತ್ತೇವೆ. ಕಟ್ಟಡ ಬೇಡ, ಕಾಂಪೌಂಡ್ ಬೇಡ, ಟೆಂಡರ್ ಬೇಡ, ಉದ್ಘಾಟನೆಯಂತೂ ಬೇಡವೇ ಬೇಡ. ಹೊತ್ತು ಬರೆದ ಒಂದು ಬೋರ್ಡ್ ಸಾಕು.

ಗೇಟಿನ ಹತ್ತಿರ ಒಂದು ರಿಜಿಸ್ಟರ್ ಇಡಿ, ಹೆಸರು, ಆಧಾರ್, ವಿಮಾನದ ತೂಕ ಬರೆದೇ ಒಳಗೆ ಹೋಗುತ್ತೇವೆ. ನೋಂದಣಿ ಸಂಖ್ಯೆ ಅಂಟಿಸಿ ಅಂದರೆ ಅಂಟಿಸುತ್ತೇವೆ. ಸುಣ್ಣದ ಗೆರೆ ನಾವೇ ಹಾಕಿಕೊಳ್ಳುತ್ತೇವೆ. ಗೆರೆಯ ಈಚೆ ಜನ, ಆಚೆ ವಿಮಾನ. ಈಚೆ ತಂದವನಿಗೆ ಆ ತಿಂಗಳು ಹಾರಾಟ ಬಂದ್. 2 ಕೆಜಿ ಮೇಲಿನದು ಇಲ್ಲ, ಕ್ಯಾಮೆರಾ ಇಲ್ಲ. ಬಿದ್ದು ಏನಾದರೂ ಒಡೆದರೆ ನಾವೇ ಕಟ್ಟಿಕೊಡುತ್ತೇವೆ. ಹೆಂಚಿನ ರೇಟು ನನಗೆ ಗೊತ್ತಿದೆ.

ಜೊತೆಗೆ ಪ್ರತಿ ಠಾಣೆಗೂ ಕನ್ನಡದಲ್ಲಿ ಒಂದೇ ಪುಟದ ಸುತ್ತೋಲೆ ಕಳಿಸಿ. ಯಾವುದು ಹಸಿರು, ಯಾವುದು ಕೆಂಪು, ಯಾವುದಕ್ಕೆ ಏನು ಬೇಕು ಅಂತ ಇರಲಿ. ಕೊನೆಗೆ ಒಂದು ಸಾಲು ಸೇರಿಸಿ ಅಂತ ನನ್ನ ಸ್ವಂತ ವಿನಂತಿ: ವಶಪಡಿಸಿಕೊಂಡರೆ ಮೊದಲು ಬ್ಯಾಟರಿಯ ಪ್ಲಗ್ ಕಿತ್ತಿಡಿ. ಠಾಣೆಯವರ ನಿದ್ದೆಗೂ ಒಳ್ಳೆಯದು.

ವಿಮಾನ ಕಣ್ಣಾರೆ ನೋಡಬೇಕು ಅಂತ ನಿಮ್ಮಲ್ಲಿ ಯಾರಿಗಾದರೂ ಅನಿಸಿದರೆ ಹೇಳಿಕಳಿಸಿ. ಎರಡನ್ನೂ ಬುಟ್ಟಿಯಲ್ಲಿಟ್ಟುಕೊಂಡು ನಿಮ್ಮ ಕಚೇರಿಗೇ ಬರುತ್ತೇನೆ, ಬಗ್ಗಿದ ರೆಕ್ಕೆಯದನ್ನೂ, ಅಟ್ಟದ ಮೇಲಿರುವುದನ್ನೂ. ಹಗಲು ಮಾತ್ರ ಕಷ್ಟ. ಈ ಸಲ ಮಳೆ ಕೈಕೊಟ್ಟಿದೆ, ಸುಟ್ಟ ಮೋಟಾರುಗಳು ಬಾಗಿಲ ತನಕ ಸಾಲು ನಿಂತಿವೆ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ಮೋಟಾರ್ ರಿವೈಂಡಿಂಗ್ ಅಂಗಡಿಯವನು
(ಉಳಿದ ಹತ್ತು ಜನರ ಪರವಾಗಿಯೂ)